ಮೂರು ಊರಿನ ಗೋಡೆಗಳು

ಗೋಡೆಗೂ ಕಿವಿಯುಂಟೆಂದು ನಮ್ಮಲ್ಲೊಂದು ಗಾದೆ. ಕಿವಿಯುಂಟೋ ಇಲ್ಲವೋ ನಾನರಿಯೆ, ನೆನಪಂತೂ ಉಂಟು. ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ಆಳಂದ, ಅಫಜಲಪುರ, ಜೇವರ್ಗಿ ಎಂಬ ನಮ್ಮ ಸೀಮೆಯ ಮೂರು ಊರುಗಳ ಓಣಿಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆಲವು ವರ್ಷ ಅಲೆದ ಮೇಲೆ, ಅದರಲ್ಲಿಯೂ ಒಂದು ತಪ್ಪು ಮಾಡಿದ ಮೇಲೆ, ಕಲಿತದ್ದು. ಆ ತಪ್ಪಿನ ಕಥೆಯನ್ನು ಕಡೆಗೆ ಹೇಳುತ್ತೇನೆ.

ಕಾಲೇಜಿನಲ್ಲಿ ನಾನು ಕಲಿಸುವುದು ಕನ್ನಡ. ಒಂದು ದಿನ ಶಾಸನಗಳ ಪಾಠ ನಡೆದಿತ್ತು. ಕಲ್ಲಿನಲ್ಲಿ ಕೊರೆದ ಅಕ್ಷರಗಳಿಂದಲೇ ನಾಡಿನ ಚರಿತ್ರೆ ನಮಗೆ ತಿಳಿದುಬರುತ್ತದೆಂದು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಆಳಂದದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, “ಸರ, ನಮ್ಮ ಮನಿ ಗ್ವಾಡಿ ಮ್ಯಾಲೂ ಬರದದರಿ. ಅದು ಚರಿತ್ರೆ ಅಲ್ಲೇನ್ರಿ?” ಎಂದ. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಕ್ಯಾಮೆರಾ ತೆಗೆದುಕೊಂಡು ಆಳಂದದ ಬಸ್ಸು ಹತ್ತಿದೆ.

ಕಲಬುರಗಿಯಿಂದ ಆಳಂದಕ್ಕೆ ಸುಮಾರು ೪೦ ಕಿಲೋಮೀಟರು. ಊರಿನಲ್ಲಿ ಲಾಡ್ಲೆ ಮಶಾಕರ ದರ್ಗಾ ಪ್ರಸಿದ್ಧ. ಹದಿನಾಲ್ಕನೆಯ ಶತಮಾನದ ಈ ಸೂಫಿ ಸಂತರ ದರ್ಗಾದ ಆವರಣದಲ್ಲಿಯೇ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದೆ. ಯಾತ್ರಿಕರು ಅಲ್ಲಿಗೆ ಹೋಗುತ್ತಾರೆ. ನಾನು ಹಿಂದಿನ ಓಣಿಗಳಿಗೆ ಹೋದೆ. ಹಳೆಯ ಮನೆಗಳ ಗೋಡೆ ಕರಿಗಲ್ಲಿನದು. ಕಲ್ಲು ಕಪ್ಪೆಂದು ದೂರದಿಂದ ಕಾಣುವುದೇ ಹೊರತು, ಹತ್ತಿರ ಹೋದರೆ ಒಂದೇ ಕಪ್ಪು ಅಲ್ಲ. ಬಿಸಿಲಿಗೆ ಬೆಂದ ಮುಖ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಹೊಸದಾಗಿ ಒಡೆದ ಮಗ್ಗುಲು ನೀಲಿಗಪ್ಪು. ನಡುನಡುವೆ ಸಾಸಿವೆಯಷ್ಟು ಬಿಳಿಯ ಚುಕ್ಕೆ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅದೇ ಗೋಡೆ ಎಣ್ಣೆ ಹಚ್ಚಿದ ಎಮ್ಮೆಯ ಮೈಯಂತೆ ಹೊಳೆಯುತ್ತದೆ.

ಈ ಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮಹಾರಾಷ್ಟ್ರದ ಬಹುಭಾಗವನ್ನು ಹೊದ್ದಿರುವ ಆ ಹಾಸೇ ಆಳಂದ, ಅಫಜಲಪುರಗಳವರೆಗೂ ಚಾಚಿದೆ. ಅದೇ ಕಲ್ಲು ಸವೆದು ಪುಡಿಯಾಗಿ ಎರೆಮಣ್ಣಾಯಿತು; ಆ ಎರೆಯಲ್ಲಿಯೇ ನಮ್ಮ ಜೋಳವೂ ತೊಗರಿಯೂ ಬೆಳೆಯುವುದು. ಹೊಲ, ಊಟ, ಗೋಡೆ ಮೂರಕ್ಕೂ ಮೂಲ ಒಂದೇ ಕಲ್ಲು. ಆ ಗೋಡೆಯ ಮುಂದೆ ನಿಂತವನಿಗೆ ಇಷ್ಟು ತಿಳಿದಿದ್ದರೆ ಅದರ ಬಣ್ಣ ಬರಿಯ ಬಣ್ಣವಾಗಿ ಕಾಣುವುದಿಲ್ಲ.

ಇನ್ನು ಕಲ್ಲಿನ ಮೇಲಿನ ಸುಣ್ಣ. ಸುಣ್ಣಗಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಗೋಡೆಗೆ ಬಳಿಯುತ್ತಾರೆ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಆದುದರಿಂದ ವರ್ಷವರ್ಷವೂ ಹಬ್ಬಕ್ಕೆ ಬಳಿದ ಸುಣ್ಣವೆಂದರೆ ಗೋಡೆಯ ಮೇಲೆ ಕೂತ ಒಂದೊಂದು ತೆಳುವಾದ ಕಲ್ಲಿನ ಹಾಳೆ. ಒಂದು ಮನೆಯ ಬಾಗಿಲ ಪಕ್ಕದಲ್ಲಿ ಈ ಹಾಳೆಗಳು ಅಂಗೈಯಗಲ ಸುಲಿದಿದ್ದವು. ಮೇಲೆ ಬಿಳಿ, ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಬಿಳಿ, ಆಮೇಲೆ ಗಿಳಿಹಸಿರು, ಹಳದಿ, ತಳದಲ್ಲಿ ಕೆಮ್ಮಣ್ಣು. ಹದಿನಾಲ್ಕರವರೆಗೆ ಎಣಿಸಿದೆ. ಕಟ್ಟೆಯ ಮೇಲೆ ಕುಳಿತಿದ್ದ ಮನೆಯ ಹಿರಿಯರು ನನ್ನ ಎಣಿಕೆಯನ್ನು ನೋಡಿ ನಕ್ಕರು. “ಹದಿನಾಕ ಅಂದ್ರ ಹದಿನಾಕ ವರ್ಷ ಅಂತ ತಿಳೀಬ್ಯಾಡ್ರಿ ಮಾಸ್ತರ್. ಮನ್ಯಾಗ ಸಾವಾದ ವರ್ಷ ನಾವು ಸುಣ್ಣ ಹಚ್ಚಂಗಿಲ್ಲ. ಬರ ಬಿದ್ದ ವರ್ಷನೂ ಹಚ್ಚಿಲ್ಲ” ಎಂದರು.

ಆ ಮಾತು ನನಗೆ ಪಾಠವಾಯಿತು. ನನ್ನ ಕ್ಯಾಮೆರಾ ಇದ್ದ ಪದರಗಳನ್ನು ಚಿತ್ರಿಸಬಲ್ಲುದು. ಇಲ್ಲದ ಪದರವನ್ನು ಹೇಗೆ ಚಿತ್ರಿಸೀತು? ಸಾವಿನ ವರ್ಷವೂ ಬರದ ವರ್ಷವೂ ಎರಡು ಬಣ್ಣಗಳ ನಡುವೆ ಕಾಣದೆ ಕುಳಿತಿವೆ. ಅದನ್ನು ಹೇಳಬಲ್ಲವರು ಆ ಕಟ್ಟೆಯ ಮೇಲಿನ ಹಿರಿಯರೊಬ್ಬರೇ. ಅಂದಿನಿಂದ ಕ್ಯಾಮೆರಾದ ಜೊತೆಗೆ ಒಂದು ನೋಟುಬುಕ್ಕನ್ನೂ ಒಯ್ಯತೊಡಗಿದೆ. ಆದರೆ ಅದರಲ್ಲಿ ಬರೆದುಕೊಳ್ಳಲು ಮನಸ್ಸು ಮಾಡಿದ್ದು ಬಹಳ ತಡವಾಗಿ.

ಆಳಂದದ ನೆಲದ ಅಮರ್ಜಾ ಹೊಳೆ ದಕ್ಷಿಣಕ್ಕೆ ಹರಿದು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಗಾಣಗಾಪುರವಿರುವುದು ಅಫಜಲಪುರ ತಾಲ್ಲೂಕಿನಲ್ಲಿ. ನಾನೂ ಹೊಳೆಯ ಹಿಂದೆಯೇ ಹೋದವನಂತೆ ಎರಡನೆಯ ಸಲ ಅಫಜಲಪುರಕ್ಕೆ ಹೋದೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಬರಹ. ಹುಡುಗ ಕೇಳಿದ್ದ ಪ್ರಶ್ನೆಗೆ ಉತ್ತರ ಓಣಿಯುದ್ದಕ್ಕೂ ಬರೆದಿತ್ತು.

ಓದುಗರು ತಮ್ಮ ಊರಿನ ಹಳೆಯ ಗೋಡೆಗಳನ್ನೊಮ್ಮೆ ನೆನೆದುಕೊಳ್ಳಲಿ. ೧೯೫೩ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸಿದವರು ಸಿಂಪಡಿಸಿದ ತಾರೀಖನ್ನು ಬಾಗಿಲ ಪಕ್ಕದಲ್ಲಿ ಬರೆದು ಹೋಗುತ್ತಿದ್ದರು. ಆಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂತು. ಹತ್ತು ವರ್ಷಕ್ಕೊಮ್ಮೆ ಜನಗಣತಿಯವರ ಮನೆಸಂಖ್ಯೆ. ೧೯೯೫ರಿಂದೀಚೆಗೆ ಪೋಲಿಯೋ ಹನಿ ಹಾಕಿ ಹೋದವರ ಸೀಮೆಸುಣ್ಣದ ಗುರುತು. ಚುನಾವಣೆಗೊಮ್ಮೆ ಚಿಹ್ನೆಗಳು, ಗೆದ್ದವರದೂ ಸೋತವರದೂ ಒಂದೇ ಗೋಡೆಯ ಮೇಲೆ ಒಟ್ಟಿಗೆ ಮಾಸುತ್ತವೆ. ಸರ್ಕಾರವೆಂಬುದು ಮನೆಯ ಬಾಗಿಲಿಗೆ ಬಂದು ಹೋದ ದಿನಗಳ ದಾಖಲೆಯೇ ಇದು. ಕಚೇರಿಯ ಕಡತ ಕಳೆದುಹೋದರೂ ಗೋಡೆಯ ಕಡತ ಕೆಲವು ಕಾಲ ಉಳಿಯುತ್ತದೆ.

ಸರ್ಕಾರದ ಬರಹಕ್ಕಿಂತ ದೊಡ್ಡದು ಮನೆಯವರ ಬರಹ. ನಮ್ಮ ಕಡೆ ಮದುವೆ ಬಂದರೆ ಗೋಡೆಗೆ ಸುಣ್ಣ ಹಚ್ಚಿ, ಬಾಗಿಲ ಎರಡೂ ಬದಿಗೆ ಕಲಶ ಬರೆಸಿ, ವಧೂವರರ ಹೆಸರನ್ನೂ ಲಗ್ನದ ತಾರೀಖನ್ನೂ ಬಣ್ಣದಲ್ಲಿ ಬರೆಸುವುದುಂಟು. ಮುಂದಿನ ಮದುವೆಯವರೆಗೂ ಅದು ಅಲ್ಲಿಯೇ ಇರುತ್ತದೆ. ಒಂದರ ಮೇಲೊಂದು ಮೂರು ಮದುವೆಗಳ ಹೆಸರು ಇಣುಕುವ ಗೋಡೆಗಳನ್ನು ನಾನು ಕಂಡಿದ್ದೇನೆ. ಲಿಪಿಗಳಲ್ಲಿಯೂ ಪದರಗಳುಂಟು. ೧೯೪೮ರವರೆಗೆ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಹಳೆಯ ಅಂಗಡಿಯೊಂದರ ಗಾರೆಯ ಹಣೆಯ ಮೇಲೆ ಉರ್ದು ಅಕ್ಷರಗಳು ಸುಣ್ಣದ ಕೆಳಗೆ ಉಬ್ಬಿ ನಿಂತಿದ್ದವು. ಅವುಗಳ ಮೇಲೆ ಎಣ್ಣೆಬಣ್ಣದ ಕನ್ನಡ. ಬೆಳಗಿನ ಓರೆ ಬಿಸಿಲು ಬಿದ್ದಾಗ ಮಾತ್ರ ಕೆಳಗಿನ ಲಿಪಿ ನೆರಳಾಗಿ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಹೋದವನಿಗೆ ಅದು ಇಲ್ಲವೇ ಇಲ್ಲ. ಗೋಡೆಯನ್ನು ಚಿತ್ರಿಸುವವನು ಸೂರ್ಯನ ವೇಳೆಗೆ ಕಾದು ನಿಲ್ಲಬೇಕೆಂಬುದನ್ನು ಆ ಅಂಗಡಿ ನನಗೆ ಕಲಿಸಿತು.

ಭೀಮೆಯ ದಂಡೆಯ ಹಳ್ಳಿಗಳಿಗೆ ಹೋದರೆ ಇನ್ನೊಂದು ಬರಹ ಕಾಣುತ್ತದೆ. ೨೦೨೦ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆಯೂ ಜಲಾಶಯಗಳಿಂದ ಬಿಟ್ಟ ನೀರೂ ಕೂಡಿ ಭೀಮೆ ಉಕ್ಕಿತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳು ಜಲಾವೃತವಾದವು. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಎದೆಯೆತ್ತರಕ್ಕೆ ಒಂದು ಕಂದು ಗೆರೆ ಉಳಿದಿತ್ತು. ಅಳತೆಗೋಲಿಟ್ಟು ಎಳೆದಂತೆ ನೇರ. ಮೇಲೆ ಹಬ್ಬದ ನೀಲಿ, ಕೆಳಗೆ ಹೊಳೆಯ ಮಣ್ಣು. ಛಾಯಾಚಿತ್ರಕ್ಕೆ ಅದಕ್ಕಿಂತ ಸುಂದರವಾದ ಬಣ್ಣಗಳ ಜೋಡಿ ಸಿಕ್ಕುವುದು ಕಷ್ಟ. ನಾನು ಕ್ಯಾಮೆರಾ ಎತ್ತಿದಾಗ ಒಳಗೆ ಒಬ್ಬಾಕೆ ನೆನೆದ ಜೋಳವನ್ನು ಚೀಲದಿಂದ ಸುರಿದು ಹರಡುತ್ತಿದ್ದಳು. ಹುಳಿತ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಕ್ಯಾಮೆರಾವನ್ನು ಕೆಳಗಿಳಿಸಿದೆ. ಆ ಗೆರೆಯ ಚಿತ್ರ ನನ್ನಲ್ಲಿಲ್ಲ.

ಮನೆಯ ಗೋಡೆಗಳನ್ನು ಚಿತ್ರಿಸುವುದು ಹುಚ್ಚೆಂದು ನನ್ನ ಸಹೋದ್ಯೋಗಿಗಳು ಹಾಸ್ಯ ಮಾಡಿದ್ದುಂಟು. ಆದರೆ ಛಾಯಾಚಿತ್ರಕಲೆ ಹುಟ್ಟಿದ್ದೇ ಗೋಡೆಗಳನ್ನು ನೋಡುತ್ತ. ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯದು ಫ್ರಾನ್ಸಿನ ನೀಯೆಪ್ಸ್ ಎಂಬಾತ ೧೮೨೬-೨೭ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ಅದರಲ್ಲಿರುವುದು ಅಕ್ಕಪಕ್ಕದ ಗೋಡೆಗಳೂ ಮಾಡುಗಳೂ ಮಾತ್ರ. ಬೆಳಕನ್ನು ಹಿಡಿಯಲು ಆ ತಗಡಿಗೆ ಬಹಳ ಹೊತ್ತು ಬೇಕಾದುದರಿಂದ, ಬಿಸಿಲು ಅತ್ತಣ ಗೋಡೆಯ ಮೇಲೂ ಇತ್ತಣ ಗೋಡೆಯ ಮೇಲೂ ಒಮ್ಮೆಗೇ ಬಿದ್ದಂತೆ ಕಾಣುತ್ತದೆ. ಮನುಷ್ಯರು ಓಡಾಡಿದ್ದರೂ ಅದರಲ್ಲಿ ಮೂಡುವಂತಿರಲಿಲ್ಲ. ಕದಲದೆ ನಿಂತ ಗೋಡೆಯೇ ಮೂಡಿತು.

ನಮ್ಮ ನಾಡಿಗೂ ಕ್ಯಾಮೆರಾ ಬೇಗನೆ ಬಂತು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ದೊಡ್ಡ ಚಿತ್ರಸಂಪುಟವೊಂದು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪಿಗೂ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು. ಅವುಗಳಿಗೆ ಬರಹ ಒದಗಿಸಿದವರಲ್ಲೊಬ್ಬ ಮೆಡೋಸ್ ಟೇಲರ್. ಜೇವರ್ಗಿಯ ನೆರೆಯ ಸುರಪುರದಲ್ಲಿ ಆಡಳಿತ ನಡೆಸಿದ್ದ ಅದೇ ಟೇಲರ್. ಆ ಸಂಪುಟಕ್ಕೆ ನಾವು ಋಣಿಗಳು. ಆದರೆ ಅಂದಿನ ಛಾಯಾಚಿತ್ರಕಾರರಿಗೆ ಬೇಕಾದದ್ದು ಗುಡಿ, ಗೋಪುರ, ಕೆತ್ತನೆಯ ಕಂಬ. ನೀಲಿ ಸುಣ್ಣದ ಮನೆ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದರೂ ಕಪ್ಪುಬಿಳುಪಿನಲ್ಲಿ ನೀಲಿಯ ಗುರುತು ಸಿಕ್ಕುತ್ತಿರಲಿಲ್ಲ. ಟೇಲರನ ಕಾಲದ ಸುರಪುರದ ಓಣಿಗಳಲ್ಲಿ ಯಾವ ಬಣ್ಣವಿತ್ತೆಂದು ಇಂದು ಯಾವ ಚಿತ್ರವೂ ಹೇಳಲಾರದು.

ಮೂರನೆಯ ಊರು ಜೇವರ್ಗಿ. ಕಲಬುರಗಿಯಿಂದ ಹೋಗುವಾಗ ಭೀಮೆಯನ್ನು ದಾಟುವ ಮೊದಲೇ, ಈಚೆಯ ದಂಡೆಯಲ್ಲಿ ಫಿರೋಜಾಬಾದು ಇದೆ. ಬಹಮನಿ ಅರಸು ಫಿರೋಜ್ ಶಾಹ ೧೪೦೦ರ ಸುಮಾರಿಗೆ ಕಟ್ಟಿಸಿದ ನಗರ. ಮೂರು ಕಡೆ ದಪ್ಪನೆಯ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಹೊಳೆ. ಅರಮನೆಯವರು ಬಿಟ್ಟುಹೋಗಿ ಶತಮಾನಗಳಾದವು. ಗೋಡೆ ಇನ್ನೂ ನಿಂತಿದೆ. ಅರಸರ ಗೋಡೆಗೂ ಒಕ್ಕಲಿನ ಗೋಡೆಗೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. ಅರಸರ ಗೋಡೆ ಜನ ಬಿಟ್ಟುಹೋದರೂ ಉಳಿಯುತ್ತದೆ. ಒಕ್ಕಲಿನ ಗೋಡೆ ಉಳಿಯಬೇಕಾದರೆ ಒಳಗೆ ಜನವಿರಬೇಕು, ವರ್ಷಕ್ಕೊಮ್ಮೆ ಯಾರೋ ಒಬ್ಬರು ಸುಣ್ಣದ ಗಡಿಗೆ ಹಿಡಿದು ನಿಲ್ಲಬೇಕು.

ಭೀಮೆಯ ಆಚೆಯ ಜೇವರ್ಗಿ, ಅಖಂಡೇಶ್ವರ ಅಂಕಿತದಲ್ಲಿ ವಚನಗಳನ್ನು ಬರೆದ ಷಣ್ಮುಖ ಶಿವಯೋಗಿಗಳ ಊರು. ಅಲ್ಲಿ ಕರಿಗಲ್ಲಿನ ಜೊತೆಗೆ ನಾವು ಶಹಾಬಾದಿ ಎಂದು ಕರೆಯುವ ಹಾಸುಗಲ್ಲಿನ ಗೋಡೆಗಳೂ ಕಾಣಸಿಗುತ್ತವೆ. ಲಾವಾರಸದ ಕಲ್ಲಿಗಿಂತ ಎಷ್ಟೋ ಪಾಲು ಹಳೆಯ ಸುಣ್ಣಗಲ್ಲು ಇದು. ಪದರಪದರವಾಗಿ ಸೀಳಿ ಬರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಕೋಟೆಗೂ ಈ ಜಾತಿಯ ಕಲ್ಲೇ. ಬೂದಿ, ತಿಳಿಹಳದಿ, ಪಾರಿವಾಳದ ಕೊರಳಿನ ನೀಲಿ ಎಂದು ಇದರಲ್ಲಿಯೂ ಹಲವು ಬಣ್ಣ. ಒಂದರ ಮೇಲೊಂದು ಅಡಕಿದ ಗೋಡೆ, ಹಳೆಯ ಪುಸ್ತಕಗಳನ್ನು ಅಡ್ಡಲಾಗಿ ಪೇರಿಸಿಟ್ಟಂತೆ ಕಾಣುತ್ತದೆ. ಇದೇ ಸುಣ್ಣಗಲ್ಲು ಇಂದು ಶಹಾಬಾದ, ವಾಡಿ, ಸೇಡಂ ಕಡೆಗಳಲ್ಲಿ ಸಿಮೆಂಟಾಗುತ್ತಿದೆ. ಆ ಸಿಮೆಂಟು ಬಂದು ಈ ಗೋಡೆಗಳನ್ನೇ ಮುಚ್ಚುತ್ತಿದೆ. ಕಲ್ಲು ಕಲ್ಲನ್ನು ಮರೆಮಾಡುವ ಆಟ!

ಇನ್ನು ನನ್ನ ತಪ್ಪಿನ ಕಥೆ. ಜೇವರ್ಗಿಯ ಒಂದು ಓಣಿಯಲ್ಲಿ ಹಾಸುಗಲ್ಲಿನ ಗೋಡೆಯೊಂದರ ಮೇಲೆ ನೀಲಿಯ ಕೆಳಗಿಂದ ಗುಲಾಬಿ, ಗುಲಾಬಿಯ ಕೆಳಗಿಂದ ಕಲ್ಲು ಇಣುಕುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ತಾಯಿ, “ತಮ್ಮಾ, ನಮ್ಮ ಹರಕ ಗ್ವಾಡಿ ಊರಿಗೆಲ್ಲ ತೋರಸ್ತಿ ಏನು?” ಎಂದು ಕೇಳಿದರು. “ಇಲ್ಲ ಯವ್ವಾ, ಬಣ್ಣ ಛಂದ ಅದ” ಎಂದೆ. ಅವರಿಗೆ ನಂಬಿಕೆಯಾಗಲಿಲ್ಲವೆಂದು ತೋರುತ್ತದೆ, ಆದರೂ ಬೇಡವೆನ್ನಲಿಲ್ಲ. ಚಿತ್ರ ಚೆನ್ನಾಗಿ ಬಂತು. ದೊಡ್ಡದು ಮಾಡಿಸಿ ಕಾಲೇಜಿನ ಸಭಾಂಗಣದಲ್ಲಿ ತೂಗಹಾಕಿದೆ. ನೋಡಿದವರೆಲ್ಲ ಯಾವುದೋ ದೊಡ್ಡ ಕಲಾವಿದನ ವರ್ಣಚಿತ್ರವಿರಬೇಕೆಂದರು. ನನಗೂ ಹೆಮ್ಮೆಯಾಯಿತು.

ಎರಡು ವರ್ಷಗಳ ಮೇಲೆ ಅದೇ ಓಣಿಗೆ ಹೋದಾಗ ಆ ಗೋಡೆ ಇರಲಿಲ್ಲ. ಸಿಮೆಂಟಿನ ಹೊಸ ಮನೆ ಎದ್ದಿತ್ತು. ಆ ತಾಯಿ ನನ್ನ ಗುರುತು ಹಿಡಿದರು. “ತಮ್ಮಾ, ನೀ ಫೋಟೋ ಹೊಡದಿದ್ದಿ ಅಲ್ಲ? ಅದರಾಗ ನಮ್ಮ ಹೆಸರು ಬಂದದೇನು? ನಮ್ಮ ಮದಿವ್ಯಾಗ ನಮ್ಮವರು ತಾವೇ ಬರದಿದ್ದರು. ಈಗ ಅವರೂ ಇಲ್ಲ, ಗ್ವಾಡಿನೂ ಇಲ್ಲ” ಎಂದರು. ನನ್ನ ಬಾಯಿ ಕಟ್ಟಿತು. ಬರಹವಿದ್ದುದು ನನಗೆ ನೆನಪಿತ್ತು. ನೀಲಿ ಬಣ್ಣದ ಕೆಳಗೆ, ಒಂದು ಮೊಳದಂತರದಲ್ಲಿ, ಕೆಂಪು ಅಕ್ಷರಗಳು. ಅವು ಚಿತ್ರದ ಅಂದಗೆಡಿಸುತ್ತವೆಂದು ನಾನೇ ಹೊರಗಿಟ್ಟು ಚಿತ್ರ ತೆಗೆದಿದ್ದೆ. ಶಾಸನದ ಪಾಠ ಹೇಳುವ ಮೇಷ್ಟ್ರು ಶಾಸನವನ್ನು ಬಿಟ್ಟು ಬಂಡೆಯ ಬಣ್ಣವನ್ನು ತಂದಿದ್ದೆ!

ಬ್ರಸಾಯ್ ಎಂಬ ಹೆಸರಾಂತ ಛಾಯಾಚಿತ್ರಕಾರ ೧೯೩೦ರ ದಶಕದಿಂದ ಪ್ಯಾರಿಸ್ ನಗರದ ಗೋಡೆಗಳ ಮೇಲಿನ ಗೀರುಗಳನ್ನೂ ಕೆತ್ತಿದ ಮುಖಗಳನ್ನೂ ಚಿತ್ರಿಸುತ್ತಿದ್ದ. ಆತ ಒಂದು ಪುಸ್ತಕದಲ್ಲಿ ಆಯಾ ಗೋಡೆಯ ಜಾಗವನ್ನು ಗುರುತು ಹಾಕಿಟ್ಟುಕೊಂಡು, ವರ್ಷಗಳ ಮೇಲೆ ಮತ್ತೆ ಹೋಗಿ ಅದೇ ಗೋಡೆ ಏನಾಗಿದೆಯೆಂದು ನೋಡುತ್ತಿದ್ದನಂತೆ. ಇದನ್ನು ನಾನು ಓದಿದ್ದೆ. ಆದರೂ ನನ್ನ ನೋಟುಬುಕ್ಕು ಖಾಲಿಯಿತ್ತು. ಆ ರಾತ್ರಿ ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಬಣ್ಣಗಳು ಬೇಕಾದಷ್ಟಿದ್ದವು. ಯಾವುದು ಯಾವ ಊರಿನದು, ಯಾವ ಮನೆಯದು ಎಂಬುದು ಅರ್ಧಕ್ಕರ್ಧ ತಿಳಿಯಲಿಲ್ಲ. ಊರಿಲ್ಲದ, ತಾರೀಖಿಲ್ಲದ, ಮನೆಯವರ ಮಾತಿಲ್ಲದ ಗೋಡೆಯ ಚಿತ್ರ ನೋಡಲು ಚೆಂದವಿರಬಹುದು, ಚರಿತ್ರೆಯಂತೂ ಅಲ್ಲ.

ಹಾಗೆಂದು ಹಳೆಯ ಗೋಡೆಯನ್ನು ಕೆಡವಿದ್ದೇ ಆ ತಾಯಿಯ ತಪ್ಪೆನ್ನಲೆ? ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ನಾನಿನ್ನೂ ಶಾಲೆಯ ಹುಡುಗ. ನಮ್ಮ ಮನೆಯ ಹಲಗೆಯ ಮೇಲಿನ ಪಾತ್ರೆಗಳು ನಡುಗಿದ ಸದ್ದು ಇಂದಿಗೂ ಕಿವಿಯಲ್ಲಿದೆ. ಕಿಲ್ಲಾರಿ ಇರುವುದು ಆಳಂದದ ಗಡಿಯಾಚೆ, ಲಾತೂರು ಜಿಲ್ಲೆಯಲ್ಲಿ. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಬಹುಮಟ್ಟಿಗೆ ಅವರ ಮನೆಯ ಗೋಡೆಗಳೇ. ದುಂಡುಗಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆಗಳು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಬೇಸಗೆಯಲ್ಲಿ ತಂಪನ್ನೀಯುವ ಅದೇ ಗೋಡೆ ಅಂದು ಮಲಗಿದವರ ಮೇಲೆ ಬಿತ್ತು. ಆದುದರಿಂದ ಹಳೆಯ ಗೋಡೆಗಳೆಲ್ಲ ಹಾಗೆಯೇ ಉಳಿಯಲೆಂದು, ಸಿಮೆಂಟಿನ ಮನೆಯಲ್ಲಿ ಮಲಗುವ ನಾನು ಹೇಳಲಾರೆ. “ಮಳಿಗಾಲ ಬಂತಂದ್ರ ಈ ಗ್ವಾಡಿ ಕೆಳಗ ಮಕ್ಕಳಿಗಿ ಮಲಗಸ್ಲಿಕ್ಕ ಜೀವ ಹೆದರತಿತ್ತು” ಎಂದು ಆ ತಾಯಿಯೇ ಹೇಳಿದರು. ಗೋಡೆ ಉಳಿಯಬೇಕೋ ಬೀಳಬೇಕೋ ಎಂಬುದು ಅದರ ಕೆಳಗೆ ಮಲಗುವವರಿಗೆ ಬಿಟ್ಟದ್ದು. ಬೀಳುವ ಮುನ್ನ ಅದರ ಮಾತನ್ನು ಬರೆದಿಟ್ಟುಕೊಳ್ಳುವುದು ಮಾತ್ರ ನಮ್ಮಂಥವರ ಕೆಲಸ.

ಈಗ ನಾನು ಗೋಡೆಯ ಚಿತ್ರ ತೆಗೆಯುವ ಕ್ರಮ ಬೇರೆಯಾಗಿದೆ. ಮೊದಲು ಮನೆಯವರನ್ನು ಕೇಳುತ್ತೇನೆ. ಇಡೀ ಗೋಡೆಯನ್ನು ಬಾಗಿಲ ಸಮೇತ ಒಮ್ಮೆ ತೆಗೆದ ಮೇಲೆಯೇ ಹತ್ತಿರದ ಬಣ್ಣಕ್ಕೆ ಹೋಗುತ್ತೇನೆ. ಪಕ್ಕದಲ್ಲೊಂದು ಬಿಳಿಯ ಕಾಗದ ಹಿಡಿಸುತ್ತೇನೆ. ಏಕೆಂದರೆ ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟರೆ ಸುಣ್ಣದ ಬಿಳಿಯನ್ನೂ ಕಲ್ಲಿನ ಕಪ್ಪನ್ನೂ ಬೂದಿ ಮಾಡಲು ನೋಡುತ್ತದೆ. ಅಳತೆಗೆ ಒಂದು ನಾಣ್ಯ. ಆಮೇಲೆ ನೋಟುಬುಕ್ಕಿನಲ್ಲಿ ಊರು, ಓಣಿ, ತಾರೀಖು, ಗೋಡೆ ಯಾವ ದಿಕ್ಕಿಗಿದೆ, ಮನೆಯವರು ಏನೆಂದರು. ಒಂದು ಪ್ರತಿ ಮನೆಯವರಿಗೆ.

ಜೇವರ್ಗಿಯ ಆ ಮನೆಗೂ ಹೋದೆ. ಹಳೆಯ ಚಿತ್ರಗಳಲ್ಲಿ ಒಂದರ ಕೆಳ ಅಂಚಿಗೆ ಒಂದೇ ಒಂದು ಕೆಂಪು ಅಕ್ಷರದ ತಲೆಕಟ್ಟು ಸಿಕ್ಕಿತ್ತು. ಅದನ್ನೇ ದೊಡ್ಡದು ಮಾಡಿಸಿ ಒಯ್ದೆ. ಆ ತಾಯಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾವ ಅಕ್ಷರವೆಂದು ಅವರಿಗೂ ತಿಳಿಯಲಿಲ್ಲ. ಕಡೆಗೆ, “ಇರಲಿ ತಗೋ” ಎಂದು ಮಡಿಲಿಗಿಟ್ಟುಕೊಂಡು, “ಈಗ ಈ ಹೊಸಾ ಗ್ವಾಡಿದು ಹೊಡಿ. ಮೊನ್ನಿ ಮೊಮ್ಮಗಳ ಮದಿವಿ ಆತು. ಪೂರಾ ಬರಬೇಕು ನೋಡು” ಎಂದರು.

ಸಿಮೆಂಟಿನ ಗೋಡೆ, ಅಂಗಡಿಯಿಂದ ತಂದ ಗುಲಾಬಿ ಬಣ್ಣ, ಬಾಗಿಲ ಎರಡೂ ಬದಿಗೆ ಕಲಶ, ನಡುವೆ ಎರಡು ಹೆಸರುಗಳು, ಕೆಳಗೆ ತಾರೀಖು. ಹಿಂದಕ್ಕೆ ಸರಿಯುತ್ತ ಸರಿಯುತ್ತ ಎದುರು ಮನೆಯ ಕಟ್ಟೆಗೆ ಬೆನ್ನು ತಗಲುವವರೆಗೂ ಸರಿದೆ. ಎಲ್ಲ ಅಕ್ಷರಗಳೂ ಬಂದವು. ಬಾಗಿಲಲ್ಲಿ ನಿಂತ ಆ ತಾಯಿಯೂ ಬಂದರು.